4 ಕೋಟಿ ಅಂಕಿಗಳ ಅವಿಭಾಜ್ಯ ಸಂಖ್ಯೆ ಸಿಕ್ಕಿದೆ, ನಿಜ. ಅದರಿಂದ ನಿಮ್ಮ ಬ್ಯಾಂಕ್ ಖಾತೆಗೆ ಅಪಾಯ ಇದೆಯೇ?

ಮೊಬೈಲ್‌ಗೆ ಬರುವ ಫಾರ್ವರ್ಡ್‌ಗಳಲ್ಲಿ ಗಣಿತದ ಸುದ್ದಿ ಅಪರೂಪ. ಬಂದರೂ ಮೂಲ ರೂಪದಲ್ಲಿ ಬರುವುದು ಇನ್ನೂ ಅಪರೂಪ. 2024ರ ಅಕ್ಟೋಬರ್ 21ರಂದು ಜಗತ್ತಿಗೆ ಗೊತ್ತಿರುವ ಅತಿ ದೊಡ್ಡ ಅವಿಭಾಜ್ಯ ಸಂಖ್ಯೆಯನ್ನು ಪ್ರಕಟಿಸಲಾಯಿತು. ಸುದ್ದಿ ನೂರಕ್ಕೆ ನೂರು ನಿಜ. ಆದರೆ ಇಂಥ ಸುದ್ದಿ ಒಂದು ಗುಂಪಿನಿಂದ ಇನ್ನೊಂದು ಗುಂಪಿಗೆ ದಾಟುವಾಗ ಅದಕ್ಕೆ ಬಾಲ, ಕೊಂಬು ಎಲ್ಲ ಬೆಳೆಯುತ್ತವೆ. ಸಾಮಾನ್ಯವಾಗಿ ಕೇಳಿಬರುವ ಮಾತುಗಳು ಮೂರು.

ಒಂದು: "ಕೊನೆಯ ಅವಿಭಾಜ್ಯ ಸಂಖ್ಯೆ ಸಿಕ್ಕಿಬಿಟ್ಟಿತು, ಇದಕ್ಕಿಂತ ದೊಡ್ಡದಿಲ್ಲ."

ಎರಡು: "ಬ್ಯಾಂಕುಗಳ ಭದ್ರತೆ ನಿಂತಿರುವುದೇ ಅವಿಭಾಜ್ಯ ಸಂಖ್ಯೆಗಳ ಮೇಲೆ. ಈಗ ಅದು ಒಡೆದುಹೋಯಿತು, ನಿಮ್ಮ ಹಣ ಅಪಾಯದಲ್ಲಿದೆ."

ಮೂರು: "ಇದರಿಂದ ಮೂರು ಕಾಸಿನ ಪ್ರಯೋಜನವಿಲ್ಲ, ಕೆಲಸವಿಲ್ಲದವರ ಕೆಲಸ."

ಮೊದಲನೆಯದು ತಪ್ಪು. ಎರಡನೆಯದು ಅರ್ಧ ಸತ್ಯ, ಅದಕ್ಕೇ ಹೆಚ್ಚು ಅಪಾಯಕಾರಿ. ಮೂರನೆಯದರ ಬಗ್ಗೆ ನಿಮ್ಮ ತೀರ್ಮಾನವನ್ನು ಲೇಖನ ಓದಿದ ಮೇಲೆ ನೀವೇ ಮಾಡಬಹುದು. ಇಲ್ಲಿ ಬೇಕಾಗುವ ಗಣಿತ ಕೂಡುವುದು, ಕಳೆಯುವುದು, ಗುಣಿಸುವುದು, ಭಾಗಿಸುವುದು ಇಷ್ಟೇ. ಹೆದರಬೇಡಿ.

ಅವಿಭಾಜ್ಯ ಎಂದರೇನು?

ನಿಮ್ಮ ಬಳಿ 12 ಲಾಡು ಇವೆ ಎಂದುಕೊಳ್ಳಿ. ತಟ್ಟೆಯಲ್ಲಿ ಸಾಲು ಸಾಲಾಗಿ ಜೋಡಿಸಬೇಕು, ಎಲ್ಲ ಸಾಲಿನಲ್ಲೂ ಸಮನಾಗಿ ಇರಬೇಕು. 3 ಸಾಲು ಮಾಡಿ ನಾಲ್ಕು ನಾಲ್ಕು ಇಡಬಹುದು, 2 ಸಾಲು ಮಾಡಿ ಆರು ಆರು ಇಡಬಹುದು. ಈಗ ಒಂದು ಲಾಡು ಹೆಚ್ಚಾಗಿ 13 ಆಯಿತು ಎನ್ನಿ. ಹೇಗೆ ಜೋಡಿಸಿದರೂ ಒಂದೇ ಉದ್ದ ಸಾಲು ಬಿಟ್ಟರೆ ಬೇರೆ ದಾರಿಯೇ ಇಲ್ಲ. 12 ಭಾಜ್ಯ ಸಂಖ್ಯೆ, 13 ಅವಿಭಾಜ್ಯ ಸಂಖ್ಯೆ. 1 ಮತ್ತು ತನ್ನನ್ನು ಬಿಟ್ಟು ಬೇರೆ ಯಾವುದರಿಂದಲೂ ಶೇಷವಿಲ್ಲದೆ ಭಾಗವಾಗದ, 1ಕ್ಕಿಂತ ದೊಡ್ಡ ಸಂಖ್ಯೆಯೇ ಅವಿಭಾಜ್ಯ. 2, 3, 5, 7, 11, 13, 17, 19... ಹೀಗೆ ಸಾಗುತ್ತದೆ.

1ಕ್ಕಿಂತ ದೊಡ್ಡದಾದ ಪ್ರತಿಯೊಂದು ಪೂರ್ಣ ಸಂಖ್ಯೆಯೂ ಒಂದೋ ಅವಿಭಾಜ್ಯವಾಗಿರುತ್ತದೆ, ಇಲ್ಲವೇ ಅವಿಭಾಜ್ಯಗಳನ್ನು ಗುಣಿಸಿ ಪಡೆದದ್ದಾಗಿರುತ್ತದೆ. ಹಾಗಾಗಿ ಇವು ಸಂಖ್ಯೆಗಳೆಂಬ ಮನೆಯ ಇಟ್ಟಿಗೆಗಳು.

ಹೊಸ ಸಂಖ್ಯೆ ಎಷ್ಟು ದೊಡ್ಡದು?

ಅದನ್ನು ಗಣಿತಜ್ಞರು ಬರೆಯುವುದು ಹೀಗೆ: 2¹³⁶²⁷⁹⁸⁴¹ − 1. ಅಂದರೆ 2ನ್ನು 13,62,79,841 ಸಲ ಬರೆದು ಎಲ್ಲವನ್ನೂ ಗುಣಿಸಿ, ಬಂದ ಉತ್ತರದಿಂದ 1 ಕಳೆಯಬೇಕು. ಉತ್ತರದಲ್ಲಿ 4,10,24,320 ಅಂಕಿಗಳಿವೆ. ನಾಲ್ಕು ಕೋಟಿ ಎನ್ನುವುದು ಸಂಖ್ಯೆಯ ಬೆಲೆಯಲ್ಲ, ಅದನ್ನು ಬರೆಯಲು ಬೇಕಾದ ಅಂಕಿಗಳ ಲೆಕ್ಕ ಎಂಬುದನ್ನು ಗಮನಿಸಿ. ಫಾರ್ವರ್ಡ್‌ಗಳಲ್ಲಿ ಇವೆರಡೂ ಆಗಾಗ ಅದಲುಬದಲಾಗುತ್ತವೆ.

ಸೆಕೆಂಡಿಗೆ ಒಂದು ಅಂಕಿಯಂತೆ ಊಟ ನಿದ್ದೆ ಬಿಟ್ಟು ಓದಿದರೂ ಸುಮಾರು 475 ದಿನ ಬೇಕು. ವಾಟ್ಸಾಪ್‌ನ ಒಂದು ಸಂದೇಶದಲ್ಲಿ ಹಿಡಿಸುವುದು ಸುಮಾರು 65 ಸಾವಿರ ಅಕ್ಷರ. ಇಡೀ ಸಂಖ್ಯೆಯನ್ನು ಕಳಿಸಲು 600ಕ್ಕೂ ಹೆಚ್ಚು ಸಂದೇಶ ಬೇಕು. ಹಾಗಾಗಿ ಯಾರಾದರೂ ನಾಲ್ಕು ಸಾಲು ಅಂಕಿ ಕಳಿಸಿ "ಇದೇ ಆ ಸಂಖ್ಯೆ" ಎಂದರೆ ನಂಬುವ ಅಗತ್ಯವಿಲ್ಲ.

ಚದುರಂಗದ ಮಣೆಯ ಕಥೆ

ಈ ಸಂಖ್ಯೆಯ ಸ್ವಭಾವ ಅರ್ಥವಾಗಲು ನಮಗೆಲ್ಲ ಗೊತ್ತಿರುವ ಒಂದು ಕಥೆ ಸಾಕು. ಚದುರಂಗ ಕಂಡುಹಿಡಿದವನಿಗೆ ರಾಜ "ಏನು ಬೇಕು ಕೇಳು" ಎಂದನಂತೆ. ಅವನು ಮಣೆಯ ಮೊದಲ ಮನೆಗೆ 1 ಕಾಳು, ಎರಡನೆಯದಕ್ಕೆ 2, ಮೂರನೆಯದಕ್ಕೆ 4, ನಾಲ್ಕನೆಯದಕ್ಕೆ 8, ಹೀಗೆ ಪ್ರತಿ ಮನೆಗೂ ದುಪ್ಪಟ್ಟು ಕಾಳು ಕೇಳಿದ. ರಾಜ ನಕ್ಕು ಒಪ್ಪಿಕೊಂಡ. 64ನೇ ಮನೆ ಮುಟ್ಟುವ ಮೊದಲೇ ಕಣಜ ಖಾಲಿಯಾಯಿತು.

ಇಲ್ಲಿ ಒಂದು ಸಂಗತಿ ನೋಡಿ. ಮೊದಲ 2 ಮನೆಗಳ ಒಟ್ಟು ಕಾಳು 1 + 2 = 3. ಮೊದಲ 3 ಮನೆಗಳದ್ದು 7. ಮೊದಲ 4 ಮನೆಗಳದ್ದು 15. ಮೊದಲ 5 ಮನೆಗಳದ್ದು 31. ಪ್ರತಿ ಸಲವೂ ಒಟ್ಟು ಮೊತ್ತ ಮುಂದಿನ ಮನೆಯ ಕಾಳಿಗಿಂತ ಒಂದು ಕಡಿಮೆ. ಅಂದರೆ 2ರ ಘಾತದಿಂದ 1 ಕಳೆದ ಸಂಖ್ಯೆ. ನಮ್ಮ ಹೊಸ ಸಂಖ್ಯೆಯೂ ಇದೇ ಜಾತಿಯದು. 13,62,79,841 ಮನೆಗಳಿರುವ ಮಣೆಯೊಂದನ್ನು ಕಲ್ಪಿಸಿಕೊಂಡರೆ, ಅದರ ಮೇಲಿನ ಒಟ್ಟು ಕಾಳೇ ಆ ಸಂಖ್ಯೆ. ಕಂಪ್ಯೂಟರ್ ಬಳಸುವ ದ್ವಿಮಾನ ಪದ್ಧತಿಯಲ್ಲಿ ಬರೆದರೆ ಅದು ಬರೀ 1ಗಳ ಸಾಲು: 13 ಕೋಟಿಗೂ ಹೆಚ್ಚು ಒಂದುಗಳು, ನಡುವೆ ಒಂದೇ ಒಂದು ಸೊನ್ನೆಯೂ ಇಲ್ಲ.

ಹಾಗಾದರೆ ಎಷ್ಟು ಮನೆ ತೆಗೆದುಕೊಂಡರೂ ಒಟ್ಟು ಕಾಳು ಅವಿಭಾಜ್ಯವಾಗುತ್ತದೆಯೇ? ಇಲ್ಲ. 4 ಮನೆಗಳ 15 ಕಾಳನ್ನು 3 × 5 ಎಂದು ಒಡೆಯಬಹುದು. ಕಾರಣವೂ ಸರಳ. 6 ಮನೆಗಳನ್ನು ಎರಡೆರಡರ ಜೋಡಿ ಮಾಡಿ. ಮೊದಲ ಜೋಡಿಯಲ್ಲಿ 1 + 2 = 3 ಕಾಳು. ಎರಡನೇ ಜೋಡಿಯಲ್ಲಿ 4 + 8 = 12. ಮೂರನೆಯದರಲ್ಲಿ 16 + 32 = 48. ಎಲ್ಲವೂ 3ರ ಮಗ್ಗಿಯವು, ಹಾಗಾಗಿ ಒಟ್ಟು 63 ಕೂಡ 3ರಿಂದ ಭಾಗವಾಗಲೇಬೇಕು. ಮನೆಗಳನ್ನು ಸಮ ಗುಂಪುಗಳಾಗಿ ಹಂಚಬಹುದಾದರೆ ಕಾಳುಗಳನ್ನೂ ಹಂಚಬಹುದು. ಅಂದರೆ ಮನೆಗಳ ಸಂಖ್ಯೆಯೇ ಭಾಜ್ಯವಾದರೆ ಕಾಳಿನ ಮೊತ್ತ ಅವಿಭಾಜ್ಯವಾಗುವ ಮಾತೇ ಇಲ್ಲ. 64 ಮನೆಗಳ ಪೂರ್ತಿ ಮಣೆ ಹೀಗೇ ಸೋಲುತ್ತದೆ.

ಮನೆಗಳ ಸಂಖ್ಯೆ ಅವಿಭಾಜ್ಯವಾಗಿದ್ದರೆ ಸಾಕೇ? ಅದೂ ಸಾಲದು. 11 ಅವಿಭಾಜ್ಯ, ಆದರೆ 11 ಮನೆಗಳ ಮೊತ್ತ 2047 ಎಂಬುದು 23 × 89. ಇಲ್ಲೇ ಇರುವುದು ಇಡೀ ಆಟದ ಕಷ್ಟ. 13,62,79,841 ಸ್ವತಃ ಅವಿಭಾಜ್ಯ. ಆದರೆ ಅದು ಪರೀಕ್ಷೆ ಬರೆಯಲು ಹಾಲ್ ಟಿಕೆಟ್ ಮಾತ್ರ, ಪಾಸಾದ ಅಂಕಪಟ್ಟಿಯಲ್ಲ.

ದೊಡ್ಡವರು ಹೇಳಿದ್ದೆಂದು ನಂಬಿದ್ದು

ಈ ಬಗೆಯ ಅವಿಭಾಜ್ಯಗಳಿಗೆ ಮರ್ಸೆನ್ ಅವಿಭಾಜ್ಯಗಳು ಎಂದು ಹೆಸರು. ಮರಾನ್ ಮರ್ಸೆನ್ 17ನೇ ಶತಮಾನದ ಫ್ರೆಂಚ್ ಪಾದ್ರಿ, ವಿದ್ವಾಂಸ. 1644ರಲ್ಲಿ ಅವರು ಒಂದು ಪಟ್ಟಿ ಪ್ರಕಟಿಸಿದರು. 257ರವರೆಗಿನ ಘಾತಾಂಕಗಳಲ್ಲಿ 2, 3, 5, 7, 13, 17, 19, 31, 67, 127, 257 ಇಷ್ಟಕ್ಕೆ ಮಾತ್ರ ಅವಿಭಾಜ್ಯ ಸಿಗುತ್ತದೆ ಎಂದರು.

ಆ ಕಾಲದಲ್ಲಿ ಅಷ್ಟು ದೊಡ್ಡ ಸಂಖ್ಯೆಗಳನ್ನು ಪರೀಕ್ಷಿಸುವುದು ಯಾರಿಗೂ ಸಾಧ್ಯವಿರಲಿಲ್ಲ. ಆದರೂ ಹೇಳಿದವರು ದೊಡ್ಡವರಾದ್ದರಿಂದ ಪಟ್ಟಿ ಪುಸ್ತಕದಿಂದ ಪುಸ್ತಕಕ್ಕೆ ದಾಟುತ್ತ ಬಂತು. ಒಂದು ರೀತಿಯಲ್ಲಿ ಅದೂ ಫಾರ್ವರ್ಡ್ ಸಂದೇಶವೇ.

ಪಟ್ಟಿಯಲ್ಲಿ ಐದು ತಪ್ಪುಗಳಿದ್ದವು. 67 ಮತ್ತು 257 ಇರಬಾರದಿತ್ತು. 61, 89, 107 ಇರಬೇಕಿತ್ತು. 1876ರಲ್ಲಿ ಫ್ರಾನ್ಸಿನ ಎಡ್ವರ್ಡ್ ಲ್ಯೂಕಾಸ್ 67ರದ್ದು ಅವಿಭಾಜ್ಯವಲ್ಲ ಎಂದು ತೋರಿಸಿದರು. ಆದರೆ ಅದನ್ನು ಯಾವುದರಿಂದ ಭಾಗಿಸಬಹುದು ಎಂಬುದು ಅವರಿಗೂ ಸಿಗಲಿಲ್ಲ. ಕೊನೆಗೆ 1903ರಲ್ಲಿ ಅಮೆರಿಕದ ಫ್ರಾಂಕ್ ನೆಲ್ಸನ್ ಕೋಲ್ ಉತ್ತರ ಕೊಟ್ಟರು:

19,37,07,721 × 7,61,83,82,57,287 = 14,75,73,95,25,89,67,64,12,927

ಈ ಉತ್ತರ ಹುಡುಕಲು ಎಷ್ಟು ಕಾಲ ಹಿಡಿಯಿತು ಎಂದು ಕೇಳಿದಾಗ "ಮೂರು ವರ್ಷದ ಭಾನುವಾರಗಳು" ಎಂದರಂತೆ ಕೋಲ್. ಈ ಕಥೆಗೆ ಉಪ್ಪು ಖಾರ ಸೇರಿರಬಹುದು. ಆದರೆ ಗುಣಾಕಾರ ಮಾತ್ರ ಯಾರು ಬೇಕಾದರೂ ಪರೀಕ್ಷಿಸಬಹುದಾದ ಸತ್ಯ. ಕಾಗದ ಪೆನ್ನು ಹಿಡಿದು ಕೂತರೆ ಅರ್ಧ ಗಂಟೆಯ ಕೆಲಸ. ಮರ್ಸೆನ್ ಪಟ್ಟಿಯ ತಪ್ಪುಗಳೆಲ್ಲ ಪೂರ್ತಿ ಪತ್ತೆಯಾಗಿ ಮುಗಿದದ್ದು 1947ರ ಹೊತ್ತಿಗೆ. ಮೂರು ನೂರು ವರ್ಷ! ಸುಳ್ಳು ಹರಡಲು ಬೇಕಾಗುವ ಸಮಯಕ್ಕೂ ಅದನ್ನು ತಿದ್ದಲು ಬೇಕಾಗುವ ಸಮಯಕ್ಕೂ ಇರುವ ಅಂತರ ವಾಟ್ಸಾಪ್‌ಗಿಂತ ಬಹಳ ಹಳೆಯದು.

ನೋಡದೆಯೂ ಗುಣ ಹೇಳಬಹುದೇ?

ಹೇಳಬಹುದು. ಹೊಸ ಸಂಖ್ಯೆಯ ಕೊನೆಯ ಮೂರು ಅಂಕಿ 551. ಇದನ್ನು ನೀವು ಯಾರ ಮಾತನ್ನೂ ನಂಬದೆ ಪರೀಕ್ಷಿಸಬಹುದು. 2, 4, 8, 16, 32, 64... ಎಂದು ದುಪ್ಪಟ್ಟು ಮಾಡುತ್ತ ಹೋದರೆ ಕೊನೆಯ ಅಂಕಿ 2, 4, 8, 6 ಎಂದು ನಾಲ್ಕು ಹೆಜ್ಜೆಗೊಮ್ಮೆ ಮರುಕಳಿಸುತ್ತದೆ. ಹಾಗೆಯೇ 8ರಿಂದ ಮುಂದೆ ಕೊನೆಯ ಮೂರು ಅಂಕಿಗಳು ನೂರು ಹೆಜ್ಜೆಗೊಮ್ಮೆ ಮರುಕಳಿಸುತ್ತವೆ. ಆದ್ದರಿಂದ 13,62,79,841ರಲ್ಲಿ ನೂರರ ಗುಣಕಗಳನ್ನೆಲ್ಲ ಬಿಟ್ಟು ಉಳಿದ 41ನ್ನು ನೋಡಿದರೆ ಸಾಕು. 2ರ 41ನೇ ಘಾತ 21,99,02,32,55,552. ಕೊನೆಯ ಮೂರು ಅಂಕಿ 552. ಒಂದು ಕಳೆದರೆ 551.

ಇನ್ನೊಂದು ಲೆಕ್ಕ. ಈ ಸಂಖ್ಯೆಯನ್ನು 3ರಿಂದ ಭಾಗಿಸಿದರೆ ಶೇಷ ಎಷ್ಟು? ಮತ್ತೆ ಮಣೆಗೆ ಬನ್ನಿ. ಮನೆಗಳ ಸಂಖ್ಯೆ ಬೆಸ. ಮೊದಲ ಮನೆಯ 1 ಕಾಳನ್ನು ಪಕ್ಕಕ್ಕಿಡಿ. ಉಳಿದ ಮನೆಗಳು ಜೋಡಿ ಜೋಡಿಯಾಗುತ್ತವೆ: 2 + 4 = 6, 8 + 16 = 24... ಎಲ್ಲವೂ 3ರ ಮಗ್ಗಿಯವೇ. ಆದ್ದರಿಂದ ಶೇಷ 1. ಅಂದರೆ 3ರಿಂದ ಭಾಗವಾಗುವುದಿಲ್ಲ. 7ಕ್ಕೂ ಇದೇ ಉಪಾಯ. ಮನೆಗಳನ್ನು ಮೂರು ಮೂರರಂತೆ ಗುಂಪು ಮಾಡಿದರೆ ಎರಡು ಮನೆ ಮಿಕ್ಕುತ್ತವೆ. ಮೊದಲ ಎರಡು ಮನೆಗಳ 3 ಕಾಳನ್ನು ಪಕ್ಕಕ್ಕಿಟ್ಟರೆ ಉಳಿದದ್ದು 4 + 8 + 16 = 28, ಮುಂದಿನದು ಅದರ ಎಂಟು ಪಟ್ಟು, ಹೀಗೆ ಎಲ್ಲವೂ 7ರ ಮಗ್ಗಿಯವು. ಶೇಷ 3. ಅಂದರೆ 7ರಿಂದಲೂ ಭಾಗವಾಗುವುದಿಲ್ಲ.

ಇದೇ ರೀತಿ ಒಂದೊಂದಾಗಿ ಎಲ್ಲ ಸಂಖ್ಯೆಗಳಿಂದ ಭಾಗಿಸಿ ನೋಡಬಾರದೇ? ನೋಡಲು ಹೋದರೆ ಕೆಲಸ ಮುಗಿಯುವುದಿಲ್ಲ. ಎರಡು ಕೋಟಿ ಅಂಕಿಗಳ ಸಂಖ್ಯೆಗಳವರೆಗೂ ಒಂದೊಂದನ್ನೇ ಪರೀಕ್ಷಿಸಬೇಕಾಗುತ್ತದೆ. ಜಗತ್ತಿನ ಎಲ್ಲ ಕಂಪ್ಯೂಟರ್‌ಗಳನ್ನು ಕೂಡಿಸಿದರೂ, ವಿಶ್ವದ ಆಯಸ್ಸನ್ನೆಲ್ಲ ಕೊಟ್ಟರೂ ಸಾಲದು. ಹಾಗಾದರೆ ಇದು ಅವಿಭಾಜ್ಯ ಎಂದು ಖಚಿತವಾಗಿ ಹೇಳಿದ್ದು ಹೇಗೆ?

ಭಾಗಿಸದೆ ಪರೀಕ್ಷಿಸುವ ಜಾಣತನ

ಲ್ಯೂಕಾಸ್ ಹಾಕಿಕೊಟ್ಟ ದಾರಿಯನ್ನು 1930ರಲ್ಲಿ ಅಮೆರಿಕದ ಡಿ. ಎಚ್. ಲೇಮರ್ ಸರಳಗೊಳಿಸಿದರು. ಅದಕ್ಕೆ ಲ್ಯೂಕಾಸ್-ಲೇಮರ್ ಪರೀಕ್ಷೆ ಎನ್ನುತ್ತಾರೆ. ಮರ್ಸೆನ್ ಜಾತಿಯ ಸಂಖ್ಯೆಗಳಿಗೆ ಮಾತ್ರ ಹೊಂದುವ ಪರೀಕ್ಷೆ ಇದು. ವಿಧಾನ ಹೀಗಿದೆ: 4ರಿಂದ ಶುರು ಮಾಡಿ. ಅದರ ವರ್ಗ ಮಾಡಿ, 2 ಕಳೆಯಿರಿ. ಬಂದದ್ದನ್ನು ಪರೀಕ್ಷೆಗಿಟ್ಟ ಸಂಖ್ಯೆಯಿಂದ ಭಾಗಿಸಿ ಶೇಷ ಮಾತ್ರ ಇಟ್ಟುಕೊಳ್ಳಿ. ಆ ಶೇಷಕ್ಕೆ ಮತ್ತೆ ಅದೇ ಕೆಲಸ. ಘಾತಾಂಕಕ್ಕಿಂತ ಎರಡು ಕಡಿಮೆ ಸಲ ಹೀಗೆ ಮಾಡಬೇಕು. ಕೊನೆಗೆ ಸೊನ್ನೆ ಬಂದರೆ ಅವಿಭಾಜ್ಯ. ಬಾರದಿದ್ದರೆ ಅಲ್ಲ.

31ನ್ನು ಪರೀಕ್ಷಿಸೋಣ. ಇದು 5 ಮನೆಗಳ ಮೊತ್ತ, ಆದ್ದರಿಂದ 3 ಸಲ ಮಾಡಬೇಕು. 4ರ ವರ್ಗ 16, ಎರಡು ಕಳೆದರೆ 14. 14ರ ವರ್ಗ 196, ಎರಡು ಕಳೆದರೆ 194. 31ರಿಂದ ಭಾಗಿಸಿದರೆ ಶೇಷ 8. 8ರ ವರ್ಗ 64, ಎರಡು ಕಳೆದರೆ 62. 31ರಿಂದ ಭಾಗಿಸಿದರೆ ಶೇಷ ಸೊನ್ನೆ. 31 ಪಾಸು. ಇದೇ ಲೆಕ್ಕವನ್ನು 2047ಕ್ಕೆ 9 ಸಲ ಮಾಡಿದರೆ ಕೊನೆಗೆ 1736 ಉಳಿಯುತ್ತದೆ. 2047 ಫೇಲು. 23 ಮತ್ತು 89ರ ಸುದ್ದಿಯೇ ಎತ್ತದೆ ಅದು ಭಾಜ್ಯ ಎಂಬುದು ಗೊತ್ತಾಯಿತು. 1876ರಲ್ಲಿ ಭಾಜಕಗಳು ಸಿಗದಿದ್ದರೂ 67ರದ್ದನ್ನು ತಳ್ಳಿಹಾಕಲು ಲ್ಯೂಕಾಸ್‌ಗೆ ಸಾಧ್ಯವಾದದ್ದು ಭಾಗಿಸದೆಯೇ ತೀರ್ಪು ಕೊಡುವ ಇಂಥ ಉಪಾಯದಿಂದ.

ಹೊಸ ಸಂಖ್ಯೆಗೆ ಈ ಕೆಲಸವನ್ನು 13,62,79,839 ಸಲ ಮಾಡಬೇಕು. ಪ್ರತಿ ಸಲವೂ ವರ್ಗ ಮಾಡಬೇಕಾದದ್ದು ನಾಲ್ಕು ಕೋಟಿ ಅಂಕಿಗಳಷ್ಟು ದೊಡ್ಡ ಸಂಖ್ಯೆ.

ಎಲ್ಲ ಸಂಖ್ಯೆಗಳಿಗೂ ಅನ್ವಯಿಸುವ, ಖಚಿತವೂ ತಕ್ಕಮಟ್ಟಿಗೆ ಬೇಗನೂ ಆದ ಪರೀಕ್ಷೆ ಇದೆಯೇ ಎಂಬ ಹಳೆಯ ಪ್ರಶ್ನೆಗೆ ಉತ್ತರ ಬಂದದ್ದು ಭಾರತದಿಂದ. 2002ರಲ್ಲಿ ಐಐಟಿ ಕಾನ್ಪುರದ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್, ನಿತಿನ್ ಸಕ್ಸೇನಾ ಅಂಥ ವಿಧಾನವನ್ನು ಕೊಟ್ಟರು. ಮೂವರ ಹೆಸರಿನ ಮೊದಲಕ್ಷರ ಸೇರಿಸಿ ಎಕೆಎಸ್ ಪರೀಕ್ಷೆ ಎನ್ನುತ್ತಾರೆ. ಸಿದ್ಧಾಂತದಲ್ಲಿ ಅದು ದೊಡ್ಡ ಸಾಧನೆ. ಆದರೆ ಮರ್ಸೆನ್ ಸಂಖ್ಯೆಗಳಿಗೆ ಲ್ಯೂಕಾಸ್-ಲೇಮರ್ ಬಹಳ ವೇಗ. ದಾಖಲೆಯ ಅವಿಭಾಜ್ಯಗಳು ಹೆಚ್ಚಾಗಿ ಇದೇ ಜಾತಿಯವಾಗಿರಲು ಕಾರಣ ಅದು. ಬೆಳಕಿರುವ ಕಡೆ ಹುಡುಕಾಟ ಸುಲಭ.

ಸಿಕ್ಕಿದ್ದು ಯಾರಿಗೆ? ನಂಬುವುದು ಹೇಗೆ?

1996ರಲ್ಲಿ ಜಾರ್ಜ್ ವೋಲ್ಟ್‌ಮನ್ ಎಂಬವರು ಗಿಂಪ್ಸ್ ಎಂಬ ಸಾರ್ವಜನಿಕ ಯೋಜನೆ ಆರಂಭಿಸಿದರು. ಯಾರು ಬೇಕಾದರೂ ಉಚಿತ ತಂತ್ರಾಂಶ ಹಾಕಿಕೊಂಡು ತಮ್ಮ ಕಂಪ್ಯೂಟರ್‌ನ ಬಿಡುವಿನ ಸಮಯವನ್ನು ಈ ಹುಡುಕಾಟಕ್ಕೆ ಕೊಡಬಹುದು. ಹಿಂದಿನ ದಾಖಲೆ 2018ರ ಡಿಸೆಂಬರ್‌ನಲ್ಲಿ ಸಿಕ್ಕಿದ 2⁸²⁵⁸⁹⁹³³ − 1. ಅದರಲ್ಲಿದ್ದದ್ದು 2,48,62,048 ಅಂಕಿ. ಆಮೇಲೆ ಸುಮಾರು ಆರು ವರ್ಷ ಏನೂ ಸಿಗಲಿಲ್ಲ.

ಹೊಸದನ್ನು ಹುಡುಕಿದವರು ಅಮೆರಿಕದ ಲ್ಯೂಕ್ ಡ್ಯೂರಾಂಟ್. ಹಿಂದೆ ಎನ್‌ವಿಡಿಯಾ ಕಂಪನಿಯಲ್ಲಿದ್ದವರು. ಒಂದು ಕಂಪ್ಯೂಟರ್ ಬದಲು ಅನೇಕ ದೇಶಗಳ ಡೇಟಾ ಸೆಂಟರ್‌ಗಳಲ್ಲಿನ ಗ್ರಾಫಿಕ್ಸ್ ಚಿಪ್‌ಗಳನ್ನು ಜೋಡಿಸಿಕೊಂಡರು. 2024ರ ಅಕ್ಟೋಬರ್ 11ರಂದು ಐರ್ಲೆಂಡಿನ ಡಬ್ಲಿನ್‌ನಲ್ಲಿದ್ದ ಒಂದು ಚಿಪ್ "ಇದು ಬಹುಶಃ ಅವಿಭಾಜ್ಯ" ಎಂದಿತು. ಗಮನಿಸಿ, "ಬಹುಶಃ". ಮರುದಿನ ಅಮೆರಿಕದ ಟೆಕ್ಸಸ್ ರಾಜ್ಯದ ಸ್ಯಾನ್ ಆಂಟೋನಿಯೋದಲ್ಲಿದ್ದ ಬೇರೊಂದು ಚಿಪ್ ಲ್ಯೂಕಾಸ್-ಲೇಮರ್ ಪರೀಕ್ಷೆ ಮುಗಿಸಿ ಹೌದೆಂದಿತು. ಆಗಲೂ ಪ್ರಕಟಿಸಲಿಲ್ಲ. ಬೇರೆ ಬೇರೆ ಯಂತ್ರಗಳಲ್ಲಿ, ಬೇರೆ ಬೇರೆ ತಂತ್ರಾಂಶಗಳಲ್ಲಿ ಮತ್ತೆ ಲೆಕ್ಕ ಹಾಕಿ, ಎಲ್ಲ ಕಡೆ ಒಂದೇ ಉತ್ತರ ಬಂದ ಮೇಲೆ 21ರಂದು ಜಗತ್ತಿಗೆ ತಿಳಿಸಿದರು. ಇದು ಈವರೆಗೆ ತಿಳಿದ 52ನೇ ಮರ್ಸೆನ್ ಅವಿಭಾಜ್ಯ.

ಇದೇ ಕೊನೆಯದೇ?

ಅಲ್ಲ. ಅವಿಭಾಜ್ಯಗಳಿಗೆ ಕೊನೆಯಿಲ್ಲ ಎಂಬುದನ್ನು ಎರಡು ಸಾವಿರ ವರ್ಷಕ್ಕೂ ಹಿಂದೆ ಗ್ರೀಕ್ ಗಣಿತಜ್ಞ ಯೂಕ್ಲಿಡ್ ಸಾಧಿಸಿದ್ದರು. ವಾದ ಪುಟ್ಟದು. ನಿಮ್ಮ ಪಟ್ಟಿಯಲ್ಲಿ ಎಷ್ಟು ಅವಿಭಾಜ್ಯಗಳಿದ್ದರೂ ಸರಿ, ಎಲ್ಲವನ್ನೂ ಗುಣಿಸಿ 1 ಕೂಡಿಸಿ. ಬಂದ ಸಂಖ್ಯೆಯನ್ನು ಪಟ್ಟಿಯ ಯಾವುದರಿಂದ ಭಾಗಿಸಿದರೂ 1 ಉಳಿಯುತ್ತದೆ. ಹಾಗಾದರೆ ಅದನ್ನು ಭಾಗಿಸುವ ಅವಿಭಾಜ್ಯ ನಿಮ್ಮ ಪಟ್ಟಿಯ ಹೊರಗೇ ಇರಬೇಕು. ಉದಾಹರಣೆಗೆ 2 × 3 × 5 × 7 × 11 × 13 + 1 = 30,031. ಇದು ತಾನೇ ಅವಿಭಾಜ್ಯವಲ್ಲ, 59 × 509. ಆದರೆ 59 ಆಗಲಿ 509 ಆಗಲಿ ಪಟ್ಟಿಯಲ್ಲಿರಲಿಲ್ಲ.

ಆದ್ದರಿಂದ "ಅತಿ ದೊಡ್ಡ ಅವಿಭಾಜ್ಯ" ಎಂಬುದು ತಪ್ಪು, "ಗೊತ್ತಿರುವುದರಲ್ಲಿ ಅತಿ ದೊಡ್ಡದು" ಎಂಬುದು ಸರಿ. ಒಂದೇ ಒಂದು ಪದ ಬಿಟ್ಟುಹೋದರೆ ನಿಜ ಸುಳ್ಳಾಗುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ. ಇನ್ನೊಂದು ಮಾತು: ಹಿಂದಿನ ದಾಖಲೆಗೂ ಹೊಸ ದಾಖಲೆಗೂ ನಡುವೆ ಎಣಿಸಲಾಗದಷ್ಟು ಅವಿಭಾಜ್ಯಗಳಿವೆ. ಅವು ಇವೆ ಎಂದು ಗೊತ್ತು, ಎಲ್ಲಿವೆ ಎಂದು ಗೊತ್ತಿಲ್ಲ. ಮರ್ಸೆನ್ ಅವಿಭಾಜ್ಯಗಳು ಅನಂತವೇ ಎಂಬುದಕ್ಕೂ ಇಂದಿಗೂ ಸಾಧನೆ ಸಿಕ್ಕಿಲ್ಲ.

ಬ್ಯಾಂಕ್ ಭದ್ರತೆ ಒಡೆಯಿತೇ?

ಇಲ್ಲ. ಆದರೆ ಈ ವದಂತಿಯ ಬೇರು ಎಲ್ಲಿದೆ ಎಂದು ನೋಡೋಣ. 1977ರಲ್ಲಿ ರಿವೆಸ್ಟ್, ಶಮೀರ್, ಆಡಲ್‌ಮನ್ ಎಂಬ ಮೂವರು ರೂಪಿಸಿದ ಆರ್‌ಎಸ್‌ಎ ಎಂಬ ಎನ್‌ಕ್ರಿಪ್ಷನ್ ವಿಧಾನ ಅವಿಭಾಜ್ಯಗಳ ಮೇಲೆ ನಿಂತಿದೆ. ಎರಡು ದೊಡ್ಡ ಅವಿಭಾಜ್ಯಗಳನ್ನು ಗುಣಿಸುವುದು ಕಂಪ್ಯೂಟರ್‌ಗೆ ಕ್ಷಣದ ಕೆಲಸ. ಬಂದ ಉತ್ತರ ಮಾತ್ರ ಕೊಟ್ಟು "ಯಾವ ಎರಡನ್ನು ಗುಣಿಸಿದ್ದು?" ಎಂದರೆ ಅದೇ ಕಂಪ್ಯೂಟರ್ ಸುಸ್ತಾಗುತ್ತದೆ. ಕೋಲ್ ಅವರ ಮೂರು ವರ್ಷದ ಭಾನುವಾರಗಳನ್ನು ನೆನಪಿಸಿಕೊಳ್ಳಿ.

ಇಲ್ಲಿ ಮುಖ್ಯ ಪದ "ದೊಡ್ಡ" ಅಲ್ಲ, "ಗುಟ್ಟು". ಬಳಕೆಯಲ್ಲಿರುವ 2048 ಬಿಟ್ ಆರ್‌ಎಸ್‌ಎ ಬೀಗದಲ್ಲಿ ಪ್ರತಿ ಅವಿಭಾಜ್ಯವೂ ಸುಮಾರು 300 ಅಂಕಿಗಳದ್ದು ಅಷ್ಟೇ. ಆ ಗಾತ್ರದ ಅವಿಭಾಜ್ಯಗಳ ಸಂಖ್ಯೆ ನಮಗೆ ಕಾಣುವ ವಿಶ್ವದ ಪರಮಾಣುಗಳ ಸಂಖ್ಯೆಗಿಂತ ಎಷ್ಟೋ ಪಾಲು ಹೆಚ್ಚು. ಅವುಗಳಲ್ಲಿ ಯಾವ ಎರಡನ್ನು ಆರಿಸಿಕೊಂಡಿದೆ ಎಂಬುದು ಹೊರಗಿನವರಿಗೆ ತಿಳಿಯದು. ನಾಲ್ಕು ಕೋಟಿ ಅಂಕಿಗಳ ಹೊಸ ಅವಿಭಾಜ್ಯ ಇಡೀ ಜಗತ್ತಿಗೇ ಗೊತ್ತಿರುವಂಥದು. ಊರಿಗೆಲ್ಲ ಫೋಟೋ ಹಂಚಿದ ಬೀಗದ ಕೈಯನ್ನು ಯಾರು ತಾನೇ ಬಳಸುತ್ತಾರೆ? ಅದರಿಂದ ಬೀಗ ಮಾಡಲೂ ಆಗದು, ಬೇರೆಯವರ ಬೀಗ ತೆಗೆಯಲೂ ಆಗದು.

ಕೆಲವು ಹೊಸ ವಿಧಾನಗಳಲ್ಲಿ ಎಲ್ಲರಿಗೂ ಗೊತ್ತಿರುವ ಅವಿಭಾಜ್ಯವನ್ನೇ ಬಳಸುತ್ತಾರೆ. ಉದಾಹರಣೆಗೆ 2⁵²¹ − 1 ಎಂಬ ಮರ್ಸೆನ್ ಅವಿಭಾಜ್ಯವನ್ನು ಬಳಸುವ ಒಂದು ಪ್ರಮಾಣಿತ ವಿಧಾನವಿದೆ. ಅಲ್ಲಿ ಅವಿಭಾಜ್ಯ ಬರೀ ಅಂಗಳ, ಗುಟ್ಟು ಇರುವುದು ಬೇರೊಂದು ಸಂಖ್ಯೆಯಲ್ಲಿ.

ಹಾಗೆಂದು ಈ ಬೀಗಗಳು ಶಾಶ್ವತ ಎಂದಲ್ಲ. 250 ಅಂಕಿಗಳ ಒಂದು ಆರ್‌ಎಸ್‌ಎ ಸವಾಲು ಸಂಖ್ಯೆಯನ್ನು ಸಂಶೋಧಕರು 2020ರಲ್ಲಿ ಒಡೆದಿದ್ದಾರೆ. ಬಳಕೆಯಲ್ಲಿರುವುದು 617 ಅಂಕಿಗಳಷ್ಟು ದೊಡ್ಡದು. ಸಾಕಷ್ಟು ದೊಡ್ಡ ಕ್ವಾಂಟಂ ಕಂಪ್ಯೂಟರ್ ಬಂದರೆ ಇದನ್ನೂ ಒಡೆಯಬಹುದು ಎಂಬುದು 1994ರಿಂದಲೇ ಗೊತ್ತು. ಅದಕ್ಕೆ ಸಿದ್ಧತೆಯಾಗಿ ಅಮೆರಿಕದ ಎನ್‌ಐಎಸ್‌ಟಿ ಸಂಸ್ಥೆ 2024ರ ಆಗಸ್ಟ್‌ನಲ್ಲಿ ಹೊಸ ಮಾನದಂಡಗಳನ್ನು ಹೊರತಂದಿದೆ. ಅಪಾಯ ಬರುವುದಿದ್ದರೆ ಆ ದಾರಿಯಿಂದ, ದೊಡ್ಡ ಅವಿಭಾಜ್ಯ ಸಿಕ್ಕಿದ್ದರಿಂದಲ್ಲ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ವಂಚಕರು ನಮ್ಮ ಹಣ ತೆಗೆಯುವುದು 617 ಅಂಕಿಗಳ ಲೆಕ್ಕ ಬಿಡಿಸಿ ಅಲ್ಲ. ನಮ್ಮನ್ನು ಹೆದರಿಸಿ ಆರು ಅಂಕಿಗಳ ಒಟಿಪಿ ಕೇಳಿ ತೆಗೆಯುತ್ತಾರೆ. "ಬ್ಯಾಂಕ್ ಭದ್ರತೆ ಒಡೆದಿದೆ, ಕೂಡಲೇ ಈ ಲಿಂಕ್ ಒತ್ತಿ", "ಖಾತೆ ಉಳಿಸಲು ಈ ಎಪಿಕೆ ಫೈಲ್ ಹಾಕಿಕೊಳ್ಳಿ" ಎಂಬ ಸಂದೇಶಗಳಿಗೆ ಇಂಥ ವದಂತಿಗಳು ನೆಲ ಹದ ಮಾಡಿಕೊಡುತ್ತವೆ. ಬೀಗ ಗಟ್ಟಿಯಾಗಿಯೇ ಇದೆ. ಬೀಗದ ಕೈ ನಾವೇ ಕೊಟ್ಟರೆ ಗಣಿತ ಏನೂ ಮಾಡಲಾರದು. ಹಣ ಹೋಗಿದ್ದರೆ ತಡಮಾಡದೆ 1930 ಸಹಾಯವಾಣಿಗೆ ಕರೆ ಮಾಡಿ.

ಹಾಗಾದರೆ ಇದರಿಂದ ಉಪಯೋಗವೇನು?

ಈ ನಿರ್ದಿಷ್ಟ ಸಂಖ್ಯೆಯಿಂದ ನಾಳೆ ಬೆಳಗ್ಗೆ ನಮಗಾಗುವ ಲಾಭ ಏನೂ ಇಲ್ಲ. ಹುಡುಕಿದವರಿಗೆ ಸಿಗುವ ಬಹುಮಾನವೂ 3,000 ಡಾಲರ್. ಆದರೆ ಹುಡುಕಾಟದ ದಾರಿಯಲ್ಲಿ ಸಿಕ್ಕಿದ್ದು ಬಹಳ.

1994ರಲ್ಲಿ ಥಾಮಸ್ ನೈಸ್ಲಿ ಎಂಬ ಅಮೆರಿಕದ ಪ್ರಾಧ್ಯಾಪಕರು ಅವಳಿ ಅವಿಭಾಜ್ಯಗಳ ಲೆಕ್ಕ ಮಾಡುತ್ತಿದ್ದಾಗ ಉತ್ತರ ತಪ್ಪುತ್ತಿರುವುದನ್ನು ಕಂಡರು. ತಪ್ಪು ಅವರದಲ್ಲ, ಇಂಟೆಲ್‌ನ ಪೆಂಟಿಯಂ ಚಿಪ್‌ನದು. ಭಾಗಾಕಾರದಲ್ಲೇ ದೋಷವಿತ್ತು. ಕಂಪನಿ ಅದಕ್ಕಾಗಿ 47.5 ಕೋಟಿ ಡಾಲರ್ ತೆಗೆದಿಡಬೇಕಾಯಿತು. 2016ರಲ್ಲಿ ಗಿಂಪ್ಸ್ ತಂತ್ರಾಂಶ ಓಡಿಸುವಾಗಲೇ ಇನ್ನೊಂದು ತಲೆಮಾರಿನ ಇಂಟೆಲ್ ಚಿಪ್‌ನ ದೋಷ ಹೊರಬಿತ್ತು. ಅವಿಭಾಜ್ಯದ ಲೆಕ್ಕದಲ್ಲಿ ಒಂದು ಅಂಕಿ ತಪ್ಪಿದರೂ ಮುಂದಿನದೆಲ್ಲ ಕೆಡುತ್ತದೆ, ಹಾಗಾಗಿ ಯಂತ್ರದ ಆರೋಗ್ಯಕ್ಕೆ ಇದೊಂದು ಕಠಿಣ ತಪಾಸಣೆ.

ಪ್ರತಿ ಮರ್ಸೆನ್ ಅವಿಭಾಜ್ಯವೂ ಒಂದು ಪರಿಪೂರ್ಣ ಸಂಖ್ಯೆಯನ್ನೂ ಜೊತೆಗೆ ತರುತ್ತದೆ. ತನ್ನನ್ನು ಬಿಟ್ಟು ಉಳಿದ ಭಾಜಕಗಳ ಮೊತ್ತಕ್ಕೆ ತಾನೇ ಸಮನಾಗಿರುವ ಸಂಖ್ಯೆ ಪರಿಪೂರ್ಣ. 6 = 1 + 2 + 3. 28 = 1 + 2 + 4 + 7 + 14. ಮಣೆಯ ಮೊದಲ ಕೆಲವು ಮನೆಗಳ ಮೊತ್ತ ಅವಿಭಾಜ್ಯವಾದರೆ, ಅದನ್ನು ಕೊನೆಯ ಮನೆಯ ಕಾಳಿನಿಂದ ಗುಣಿಸಿದರೆ ಸಾಕು: 3 × 2 = 6, 7 × 4 = 28, 31 × 16 = 496. ಹೊಸ ಅವಿಭಾಜ್ಯ ತಂದ ಪರಿಪೂರ್ಣ ಸಂಖ್ಯೆಗೆ 8,20,48,640 ಅಂಕಿಗಳಿವೆ. ಬೆಸ ಪರಿಪೂರ್ಣ ಸಂಖ್ಯೆ ಒಂದಾದರೂ ಇದೆಯೇ ಎಂಬುದು ಇನ್ನೂ ಯಾರಿಗೂ ಗೊತ್ತಿಲ್ಲ.

ಇದೇ ಕುಟುಂಬದ ಒಂದು ಸಣ್ಣ ಸಂಖ್ಯೆ ನಿಮ್ಮ ಫೋನಿಗೂ ಗೊತ್ತು: 2,14,74,83,647. ಅದು 31 ಮನೆಗಳ ಮೊತ್ತ, ಅವಿಭಾಜ್ಯ ಎಂದು 1772ರಲ್ಲಿ ಆಯ್ಲರ್ ತೋರಿಸಿದ್ದು. 32 ಬಿಟ್ ಲೆಕ್ಕದ ಡಬ್ಬಿಯಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆಯೂ ಅದೇ. 2014ರಲ್ಲಿ "ಗಂಗ್ನಂ ಸ್ಟೈಲ್" ಹಾಡಿನ ವೀಕ್ಷಣೆ ಈ ಮಿತಿ ದಾಟಿದಾಗ ಯೂಟ್ಯೂಬ್ ದೊಡ್ಡ ಡಬ್ಬಿಗೆ ಬದಲಾಯಿಸಿಕೊಂಡಿತ್ತು. ಹಳೆಯ ಕಂಪ್ಯೂಟರ್ ವ್ಯವಸ್ಥೆಗಳಲ್ಲಿ ಸೆಕೆಂಡುಗಳ ಎಣಿಕೆ 2038ರ ಜನವರಿ 19ರಂದು ನಮ್ಮ ಬೆಳಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ ಇದೇ ಮಿತಿ ಮುಟ್ಟುತ್ತದೆ. ಈಗಿನ 64 ಬಿಟ್ ವ್ಯವಸ್ಥೆಗಳಲ್ಲಿ ಡಬ್ಬಿ ಸಾಕಷ್ಟು ದೊಡ್ಡದು. "ಆ ದಿನ ಎಲ್ಲ ಫೋನ್ ಸಾಯುತ್ತವೆ" ಎಂಬ ಫಾರ್ವರ್ಡ್ ಬಂದರೆ ಈ ಸಾಲು ನೆನಪಿರಲಿ.

ಕೊನೆಯ ಮಾತು

ಹೊಸ ಅವಿಭಾಜ್ಯ ನಿಜ, ಆದರೆ ಕೊನೆಯದಲ್ಲ. ಬ್ಯಾಂಕ್ ಬೀಗಕ್ಕೆ ಅದರಿಂದ ಯಾವ ಧಕ್ಕೆಯೂ ಇಲ್ಲ. ಉಪಯೋಗ ಸಂಖ್ಯೆಯಲ್ಲಿಲ್ಲ, ಹುಡುಕಾಟದಲ್ಲಿದೆ.

ಮರ್ಸೆನ್ ಹೇಳಿದ್ದೆಂದು ಜನ ನಂಬಿದ ಪಟ್ಟಿಯಲ್ಲಿ ಇದ್ದ ಐದು ತಪ್ಪುಗಳು ಪೂರ್ತಿ ಪತ್ತೆಯಾಗಿ ಮುಗಿಯಲು ಮೂರು ಶತಮಾನ ಹಿಡಿಯಿತು. ಡಬ್ಲಿನ್‌ನ ಯಂತ್ರ ಹೇಳಿದ "ಬಹುಶಃ" ಎಂಬ ಮಾತನ್ನು ಹತ್ತು ದಿನ ಬೇರೆ ಬೇರೆ ಕಡೆ ಪರೀಕ್ಷಿಸಿದ ಮೇಲೆಯೇ "ಹೌದು" ಎಂದರು. ನಾಲ್ಕು ಕೋಟಿ ಅಂಕಿಗಳ ಸಂಖ್ಯೆಗೇ ಅಷ್ಟು ತಾಳ್ಮೆ ತೋರಿಸುವವರಿದ್ದಾರೆ. ನಾಲ್ಕು ಸಾಲಿನ ಸಂದೇಶಕ್ಕೆ ನಾವು ನಾಲ್ಕು ನಿಮಿಷವಾದರೂ ಕೊಡೋಣ, ಆಮೇಲೆ ಫಾರ್ವರ್ಡ್ ಒತ್ತೋಣ.